ಒಂದು ವರ್ಷದ ವಕೀಲ

ವಕೀಲ ಎಂಬ ಪದ ಕನ್ನಡಕ್ಕೆ ಎಷ್ಟು ಒಗ್ಗಿಹೋಗಿದೆಯೆಂದರೆ, ಅದು ಅರಬ್ಬಿಯಿಂದ ಬಂದದ್ದೆಂದು ಕೋರ್ಟಿನ ಆವರಣದಲ್ಲಿ ಯಾರಿಗೂ ನೆನಪಾಗುವುದಿಲ್ಲ. ವಕಾಲತ್ತು, ಮೊಕದ್ದಮೆ, ದಾವೆ, ಅರ್ಜಿ, ತಕರಾರು, ಜಾಮೀನು, ವಾರಸು, ಕೊನೆಗೆ ರಾಜಿ - ಎಲ್ಲವೂ ಅದೇ ದಾರಿಯಲ್ಲಿ ಬಂದವು. ಜಗಳದ ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ನಮ್ಮ ರೈತ ಅರಬ್ಬಿಯನ್ನೇ ಆಡುತ್ತಾನೆ, ಅದು ಅರಬ್ಬಿ ಎಂದು ತಿಳಿಯದೆ. ಮೂಲದಲ್ಲಿ ವಕೀಲನೆಂದರೆ ಕಪ್ಪು ಕೋಟು ತೊಟ್ಟವನಲ್ಲ. ತನ್ನ ಕೆಲಸವನ್ನು ಒಬ್ಬ ಯಾರಿಗೆ ನಂಬಿ ಒಪ್ಪಿಸುತ್ತಾನೋ ಅವನು. ಅಲ್ಲಾಹನ 99 ನಾಮಗಳಲ್ಲಿ 'ಅಲ್ ವಕೀಲ್' ಕೂಡ ಒಂದು. ನಿಕಾಹ್‌ನಲ್ಲಿ ವಧುವಿನ ಒಪ್ಪಿಗೆ ಪಡೆದು ಬಂದು ಖಾಝಿಯ ಮುಂದೆ ಹೇಳುವವನೂ ವಕೀಲನೇ. ಅವನಿಗೆ ಕಾನೂನು ಪದವಿ ಬೇಕಿಲ್ಲ, ನಂಬಿಕೆ ಸಾಕು.

ರಾಜರಿಗೂ ವಕೀಲರಿದ್ದರು. 1792ರಲ್ಲಿ ಶ್ರೀರಂಗಪಟ್ಟಣದ ಹೊರಗೆ ಕಾರ್ನ್‌ವಾಲಿಸ್‌ನ ಡೇರೆಯಲ್ಲಿ ಕುಳಿತು ಒಪ್ಪಂದದ ಮಾತು ನಡೆಸಿದ ಗುಲಾಂ ಅಲಿ ಖಾನ್ ಮತ್ತು ಅಲಿ ರಝಾ ಖಾನ್ ಟಿಪ್ಪು ಸುಲ್ತಾನರ ವಕೀಲರು. ಅವರು ವಾದಿಸಿದ್ದು ಯಾವ ನ್ಯಾಯಾಲಯದಲ್ಲೂ ಅಲ್ಲ. ಮರುವರ್ಷ, 1793ರಲ್ಲಿ, ಅದೇ ಕಾರ್ನ್‌ವಾಲಿಸ್ ಬಂಗಾಳದಲ್ಲಿ ಹೊಸ ಕಟ್ಟಳೆ ತಂದು ಕೋರ್ಟಿನಲ್ಲಿ ವಾದಿಸುವವರಿಗೆ ಸನದು ಕೊಡುವ, ಅವರ ಫೀಜು ಗೊತ್ತುಮಾಡುವ ಪದ್ಧತಿಯನ್ನು ಶುರುಮಾಡಿದ. ಅಲ್ಲಿಂದ ಮುಂದೆ ವಕೀಲನೆಂದರೆ ಕೋರ್ಟಿನವನು ಎಂದಾಯಿತು. ಹಳೆಯ ಅರ್ಥ ಮಾತ್ರ ಪೂರ್ತಿ ಅಳಿಯಲಿಲ್ಲ. ಅದು ಉಳಿದುಕೊಂಡದ್ದು ವ್ಯಾಪಾರಿಗಳ ಅಂಗಡಿಯಲ್ಲಿ. ಬೆಳೆಯುತ್ತಿರುವ ವ್ಯಾಪಾರಿಗೆ ಕೋರ್ಟಿನಲ್ಲಿ ವಾದಿಸುವವನು ಬೇಕಾಗುವುದು ವರ್ಷಕ್ಕೆ ಒಂದೆರಡು ಸಲ. ಕಾಗದ ಓದಿ ಹೇಳುವವನು, ಲೆಕ್ಕ ಬಿಡಿಸುವವನು, ದೊಡ್ಡ ವಕೀಲನ ಮುಂದೆ ತನ್ನ ಮಾತನ್ನು ಸರಿಯಾಗಿ ಇಡುವವನು ದಿನವೂ ಬೇಕು. ಅಂಥವನನ್ನು ಖಾಯಂ ಆಗಿ ಸಾಕುವಷ್ಟು ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆಗ ಅವನು ಏನು ಮಾಡುತ್ತಾನೆ? ಒಂದು ವರ್ಷಕ್ಕೆ ಎಂದು ಯಾರನ್ನಾದರೂ ಕರೆಸಿಕೊಳ್ಳುತ್ತಾನೆ.

1893ರಲ್ಲಿ ದಾದಾ ಅಬ್ದುಲ್ಲಾ ಅಂಡ್ ಕಂಪೆನಿ ಮಾಡಿದ್ದು ಇದನ್ನೇ. ಕರೆಸಿಕೊಂಡವನ ಹೆಸರು ಮೋಹನದಾಸ ಕರಮಚಂದ ಗಾಂಧಿ.

ಪೀಟರ್‌ಮ್ಯಾರಿಟ್ಸ್‌ಬರ್ಗ್‌ನ ರೈಲು ನಿಲ್ದಾಣದ ಕತೆಯನ್ನು ನಮ್ಮ ಮಕ್ಕಳು ಶಾಲೆಯಲ್ಲೇ ಓದುತ್ತಾರೆ. ಮೊದಲ ದರ್ಜೆಯ ಡಬ್ಬಿಯಿಂದ ಗಾಂಧೀಜಿಯನ್ನು ಹೊರಗೆ ತಳ್ಳಿದರು ಎಂಬುದು ಗೊತ್ತು. ಆ ಟಿಕೆಟ್ಟಿಗೆ ದುಡ್ಡು ಕೊಟ್ಟವರು ಯಾರು, ಏತಕ್ಕಾಗಿ ಕೊಟ್ಟರು ಎಂದು ಕೇಳಿದರೆ ಮೇಷ್ಟರಿಗೂ ಉತ್ತರ ಹೊಳೆಯದು. ನನಗೆ ಆ ಟಿಕೆಟ್ಟಿನ ಹಿಂದಿನ ಲೆಕ್ಕಪುಸ್ತಕದ ಕತೆ ಟಿಕೆಟ್ಟಿನ ಕತೆಗಿಂತ ಏನೂ ಕಡಿಮೆಯದಲ್ಲ ಅನ್ನಿಸುತ್ತದೆ.

ನಟಾಲ್‌ನ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳನ್ನು ಹೊತ್ತ ಮೊದಲ ಹಡಗು 'ಟ್ರುರೊ' ಡರ್ಬನ್ ಮುಟ್ಟಿದ್ದು 1860ರ ನವೆಂಬರ್ 16ರಂದು. ಕೂಲಿಗಳ ಬೆನ್ನಿಗೆ ವ್ಯಾಪಾರಿಗಳು ಬಂದರು. ಅವರಲ್ಲಿ ಬಹುಪಾಲು ಗುಜರಾತಿನ ಮುಸ್ಲಿಮರು - ಪೋರಬಂದರಿನ ಮೆಮನ್‌ಗಳು, ಸೂರತ್ ಕಡೆಯ ಬೋಹ್ರಾಗಳು. ಸ್ವಂತ ಖರ್ಚಿನಲ್ಲಿ ಟಿಕೆಟ್ ಕೊಂಡು ಬಂದವರಾದ್ದರಿಂದ ಇವರನ್ನು 'ಪ್ಯಾಸೆಂಜರ್ ಇಂಡಿಯನ್ಸ್' ಎಂದು ಕರೆಯುತ್ತಿದ್ದರು. (ಬೆಂಗಳೂರಿನ ಫ್ರೇಜರ್ ಟೌನಿನಲ್ಲಿ ಮಸೀದಿ ಕಟ್ಟಿಸಿದ ಹಾಜಿ ಸರ್ ಇಸ್ಮಾಯಿಲ್ ಸೇಠ್ ಕಛ್ಛಿ ಮೆಮನ್; ಹಾಗಾಗಿ ಈ ವ್ಯಾಪಾರಿ ಜನ ನಮಗೆ ತೀರ ಅಪರಿಚಿತರೇನಲ್ಲ.) ಬಿಳಿಯರ ಕಣ್ಣಿಗೆ ಮಾತ್ರ ಎಲ್ಲ ಭಾರತೀಯರೂ ಒಂದೇ. ಕೂಲಿ ಕೆಲಸದವನೂ ಕೂಲಿ, ಅಂಗಡಿ ಇಟ್ಟವನು 'ಕೂಲಿ ವ್ಯಾಪಾರಿ'. ಆ ಹೆಸರಿನಿಂದ ತಪ್ಪಿಸಿಕೊಳ್ಳಲು ಮುಸ್ಲಿಂ ವ್ಯಾಪಾರಿಗಳು ತಮ್ಮನ್ನು ಅರಬರೆಂದೂ, ಪಾರ್ಸಿ ಗುಮಾಸ್ತರು ಪರ್ಷಿಯನ್ನರೆಂದೂ ಕರೆದುಕೊಳ್ಳುತ್ತಿದ್ದರು. ನಗು ಬರುತ್ತದೆ, ಜೊತೆಗೆ ಸಂಕಟವೂ ಆಗುತ್ತದೆ. ತಮ್ಮದೇ ಊರಿನ ಕೂಲಿಯಿಂದ ಹತ್ತು ಮಾರು ದೂರ ನಿಲ್ಲಲು ಅವರು ಒಂದು ಇಡೀ ದೇಶವನ್ನೇ ಬದಲಾಯಿಸಿಕೊಳ್ಳಬೇಕಾಗಿತ್ತು.

ಇವರಲ್ಲಿ ದಾದಾ ಅಬ್ದುಲ್ಲಾ ಸೇಠರದು ದೊಡ್ಡ ಹೆಸರು. ಡರ್ಬನ್‌ನಲ್ಲಿ ಅಂಗಡಿ, ಪೋರಬಂದರಿನಲ್ಲಿ ಪಾಲುದಾರರು; ಮುಂದೆ ಸ್ವಂತ ಹಡಗು ಕೂಡ ಇತ್ತು. ಸೇಠರು ಓದಿದ್ದು ಏನೂ ಇಲ್ಲವೆನ್ನುವಷ್ಟು. ವ್ಯವಹಾರದಿಂದ ಕಲಿತ ಇಂಗ್ಲಿಷ್ ಮಾತಿಗೆ ಸಾಕಾಗುತ್ತಿತ್ತು. ಅಷ್ಟರಲ್ಲೇ ಬ್ಯಾಂಕಿನ ಮ್ಯಾನೇಜರನನ್ನೂ ಯೂರೋಪಿಯನ್ ವ್ಯಾಪಾರಿಗಳನ್ನೂ ಸಂಭಾಳಿಸುತ್ತಿದ್ದರು. ಬುದ್ಧಿ ಹರಿತ, ಸಂಶಯ ಸ್ವಭಾವ. ಇಸ್ಲಾಮಿನ ಬಗ್ಗೆ ಅಭಿಮಾನ, ಅದನ್ನು ಕುರಿತು ಮಾತಾಡುವುದೆಂದರೆ ಬಲು ಇಷ್ಟ. ಇಂಥ ಸೇಠರಿಗೂ ಟ್ರಾನ್ಸ್‌ವಾಲ್‌ನ ಪ್ರಿಟೋರಿಯಾದಲ್ಲಿದ್ದ ತೈಯಬ್ ಹಾಜಿ ಖಾನ್ ಮುಹಮ್ಮದ್ ಸೇಠರಿಗೂ ದೊಡ್ಡ ವ್ಯಾಜ್ಯ ನಡೆದಿತ್ತು. ಇಬ್ಬರೂ ಒಂದೇ ಊರಿನವರು, ಸಂಬಂಧಿಕರು. ದಾವೆಯ ಮೊತ್ತ 40,000 ಪೌಂಡು. ಅದರಲ್ಲಿ ಒಂದು ಭಾಗ ಪ್ರೋನೋಟುಗಳ ಮೇಲೆ, ಇನ್ನೊಂದು ಭಾಗ ಪ್ರೋನೋಟು ಬರೆದುಕೊಡುವುದಾಗಿ ಹೇಳಿದ ಮಾತನ್ನು ನಡೆಸಿಕೊಡಬೇಕೆಂಬುದರ ಮೇಲೆ ನಿಂತಿತ್ತು. ನೋಟುಗಳನ್ನು ಮೋಸದಿಂದ ಬರೆಸಿಕೊಂಡದ್ದು, ಅದಕ್ಕೆ ತಕ್ಕ ಪ್ರತಿಫಲ ಸಂದಿಲ್ಲ ಎಂದು ಎದುರು ಪಕ್ಷದ ವಾದ.

ಎರಡೂ ಕಡೆ ಅತ್ಯುತ್ತಮ ವಕೀಲರಿದ್ದರು. ಹಾಗಾದರೆ ತೊಡಕು ಎಲ್ಲಿ? ಲೆಕ್ಕವೆಲ್ಲ ಗುಜರಾತಿಯಲ್ಲಿ. ವಾದಿಸುವವರು ಇಂಗ್ಲಿಷಿನವರು. ನಡುವೆ ಇರುವ ಸೇಠರಿಗೆ ಗುಜರಾತಿ ಲೆಕ್ಕ ಗೊತ್ತು, ಇಂಗ್ಲಿಷ್ ಕಾನೂನು ಗೊತ್ತಿಲ್ಲ. ಎಷ್ಟೇ ದುಬಾರಿ ಬ್ಯಾರಿಸ್ಟರನಾದರೂ ಕಕ್ಷಿಗಾರ ಹೇಳಿದ್ದನ್ನು ಅರ್ಥಮಾಡಿಕೊಂಡರೆ ತಾನೇ ವಾದಿಸುವುದು? ಆ ನಡುವಿನ ಜಾಗಕ್ಕೆ ಒಬ್ಬ ಮನುಷ್ಯ ಬೇಕಾಗಿತ್ತು.

ಇತ್ತ ರಾಜಕೋಟೆಯಲ್ಲಿ ಗಾಂಧಿ 1891ರಲ್ಲಿ ಲಂಡನ್ನಿನಿಂದ ಬ್ಯಾರಿಸ್ಟರಾಗಿ ಬಂದು ಕುಳಿತಿದ್ದರು. ಬೊಂಬಾಯಿಯಲ್ಲಿ ಮೊದಲ ಮೊಕದ್ದಮೆಗೆ 30 ರೂಪಾಯಿ ಫೀಜು ಪಡೆದು, ಪಾಟಿಸವಾಲಿಗೆ ಎದ್ದು ನಿಂತವರು ಬಾಯಿ ಬಾರದೆ ಕುಳಿತುಬಿಟ್ಟರು, ದುಡ್ಡು ಹಿಂದಿರುಗಿಸಿದರು. ಆಮೇಲೆ ಅರ್ಜಿ, ಮನವಿ ಬರೆದುಕೊಟ್ಟು ತಿಂಗಳಿಗೆ ಸುಮಾರು 300 ರೂಪಾಯಿ ಸಂಪಾದನೆ. ಆ ಹೊತ್ತಿಗೆ ಪೋರಬಂದರಿನ ಮೆಮನ್ ಸಂಸ್ಥೆಯಿಂದ ಅವರ ಅಣ್ಣನಿಗೆ ಕಾಗದ ಬಂತು. ಪಾಲುದಾರರಾದ ಅಬ್ದುಲ್ ಕರೀಂ ಝವೇರಿ ಸೇಠರು ಕರಾರನ್ನು ವಿವರಿಸಿದರು. ಒಂದು ವರ್ಷ ಮೀರದ ಕೆಲಸ. ಮೊದಲ ದರ್ಜೆಯಲ್ಲಿ ಹೋಗಿಬರುವ ಖರ್ಚು, ಊಟ ವಸತಿ ಕಂಪೆನಿಯದು. ಮೇಲೆ 105 ಪೌಂಡು. ನಮ್ಮ ವಕೀಲರಿಗೆ ವಿಷಯ ತಿಳಿಸಿಕೊಡಬೇಕು, ಬಿಡುವಿದ್ದಾಗ ಅಂಗಡಿಯ ಇಂಗ್ಲಿಷ್ ಕಾಗದಪತ್ರ ನೋಡಿಕೊಳ್ಳಬೇಕು. ಇದು ಬ್ಯಾರಿಸ್ಟರಾಗಿ ಹೋಗುವುದಲ್ಲ, ಕಂಪೆನಿಯ ನೌಕರನಾಗಿ ಹೋಗುವುದು ಎಂದು ಗಾಂಧಿಗೆ ಗೊತ್ತಾಗದಿರಲಿಲ್ಲ. ಸಂಬಳದ ಬಗ್ಗೆ ಚೌಕಾಸಿ ಮಾಡದೆ ಒಪ್ಪಿದರು.

ಇಂದು ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಕುಳಿತ ಎಷ್ಟೋ ಕಾನೂನು ಪದವೀಧರರ ಕೆಲಸ ಇದಕ್ಕಿಂತ ಬೇರೆಯಲ್ಲ. ಎಲ್ಲೋ ದೂರದ ಕಂಪೆನಿಯ ಕರಾರುಪತ್ರ ಓದುವುದು, ದಾಖಲೆ ವಿಂಗಡಿಸುವುದು, ಅಲ್ಲಿಯ ವಕೀಲನಿಗೆ ಟಿಪ್ಪಣಿ ಬರೆದುಕೊಡುವುದು. ಹೊರಗುತ್ತಿಗೆಯ ಇಂಥ ಕೆಲಸ ವಕೀಲಿ ವೃತ್ತಿಯೇ ಅಲ್ಲವೇ ಎಂಬ ಪ್ರಶ್ನೆ 2018ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಹೆಸರು ಏನೇ ಇರಲಿ, ಮಾಡುವ ಕೆಲಸದ ಹುರುಳು ನೋಡಿ ತೀರ್ಮಾನಿಸಬೇಕೆಂದು ಕೋರ್ಟು ಹೇಳಿತು. ಕಂಪೆನಿಯ ಪೂರ್ಣಾವಧಿ ಸಂಬಳದ ನೌಕರನಾದವನು ನಮ್ಮ ಬಾರ್ ಕೌನ್ಸಿಲ್‌ನ ನಿಯಮದಂತೆ ವಕೀಲನಾಗಿ ವೃತ್ತಿ ನಡೆಸುವಂತಿಲ್ಲ. ಅಂಥವನಿಗೆ ಕಕ್ಷಿಗಾರನ ಗುಟ್ಟು ಕಾಯಲು ವಕೀಲರಿಗಿರುವ ವಿಶೇಷ ರಕ್ಷಣೆ ಪೂರ್ತಿಯಾಗಿ ಸಿಗದೆಂದು 2025ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮನೆಯವನೋ ಹೊರಗಿನವನೋ, ನೌಕರನೋ ವಕೀಲನೋ ಎಂಬ ಗೊಂದಲ ಅಂದಿನಿಂದ ಇಂದಿನವರೆಗೆ ಬಗೆಹರಿದಿಲ್ಲ.

ಅಬ್ದುಲ್ಲಾ ಸೇಠರಿಗೂ ಅದೇ ಚಿಂತೆ ಇತ್ತು. 1893ರ ಮೇ ಕೊನೆಯಲ್ಲಿ ಡರ್ಬನ್‌ನಲ್ಲಿ ಇಳಿದ ಸೂಟುಬೂಟಿನ ಯುವಕನನ್ನು ಕಂಡು, ಊರಿನ ಪಾಲುದಾರರು ತನಗೆ ಬಿಳಿಯಾನೆಯನ್ನು ಕಳಿಸಿದ್ದಾರೆಂದು ಅವರಿಗೆ ಅನ್ನಿಸಿತು. ಪ್ರಿಟೋರಿಯಾಕ್ಕೆ ಕಳಿಸೋಣವೆಂದರೆ ಅಲ್ಲಿ ಪ್ರತಿವಾದಿಗಳಿದ್ದಾರೆ, ಅವರು ಇವನನ್ನು ತಮ್ಮ ಕಡೆ ಎಳೆದುಕೊಂಡರೆ? ಕಾಗದಪತ್ರ ಅವರ ಕಣ್ಣಿಗೆ ಬಿದ್ದರೆ? ಒಂದು ವಾರ ಜೊತೆಗಿಟ್ಟುಕೊಂಡು ನೋಡಿದ ಮೇಲೆ ಕಳಿಸಲು ಒಪ್ಪಿದರು. ಹೊರಡುವ ಮುನ್ನ, ಅಲ್ಲಿ ಯಾರೊಂದಿಗೂ ಹೆಚ್ಚು ಬಳಕೆ ಬೇಡವೆಂದು ಎಚ್ಚರಿಸಿದರು. ಗಾಂಧಿ ಕಾಗದದ ಗುಟ್ಟು ಕಾಯುವುದಾಗಿ ಮಾತು ಕೊಟ್ಟು, ತೈಯಬ್ ಸೇಠರು ನಿಮ್ಮ ಸಂಬಂಧಿಕರೇ ತಾನೇ, ಕೋರ್ಟಿನ ಹೊರಗೆ ರಾಜಿ ಸಾಧ್ಯವೇ ನೋಡಬಹುದೇ ಎಂದು ಕೇಳಿದರು. ಸೇಠರು ಸ್ವಲ್ಪ ಬೆಚ್ಚಿದರು. ಕೆಲಸಕ್ಕೆ ಸೇರಿ ವಾರವಾಗಿದೆ, ಆಗಲೇ ಎದುರಾಳಿಯ ಪರಿಚಯ ಬೇಕೆನ್ನುತ್ತಿದ್ದಾನೆ! ರಾಜಿಯಾದರೆ ಒಳ್ಳೆಯದೇ, ಆದರೆ ತೈಯಬ್ ಸೇಠ್ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ, ಹುಷಾರು ಎಂದರು.

ರೈಲಿನಲ್ಲಿ ಹಾಸಿಗೆಗೆ 5 ಶಿಲ್ಲಿಂಗ್ ಬೇರೆ ಕೊಡಬೇಕಿತ್ತು. ಹಾಸಿಗೆ ಕೊಂಡುಕೊಳ್ಳಿ, ದೇವರ ದಯೆಯಿಂದ ನಮಗೆ ಬೇಕಾದಷ್ಟಿದೆ, ಜಿಪುಣತನ ಬೇಡ ಎಂದು ಸೇಠರು ಹೇಳಿದರೂ ಗಾಂಧಿ ಹಟ ಹಿಡಿದು ಬೇಡವೆಂದರು. ಜೂನ್ 7ರ ಆ ಚಳಿಯ ರಾತ್ರಿ ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ. ತಂತಿ ತಲುಪಿದ ಕೂಡಲೇ ಸೇಠರು ರೈಲ್ವೆಯ ಜನರಲ್ ಮ್ಯಾನೇಜರನನ್ನು ಕಂಡರು, ದಾರಿಯುದ್ದಕ್ಕೂ ಇದ್ದ ವ್ಯಾಪಾರಿಗಳಿಗೆ ತಂತಿ ಕೊಟ್ಟರು. ಮ್ಯಾರಿಟ್ಸ್‌ಬರ್ಗ್‌ನ ವ್ಯಾಪಾರಿಗಳು ನಿಲ್ದಾಣಕ್ಕೆ ಬಂದು, ಇದೆಲ್ಲ ನಮಗೆ ದಿನನಿತ್ಯದ್ದು ಎಂದು ತಮ್ಮತಮ್ಮ ಅನುಭವ ಹೇಳಿಕೊಂಡರು. ಅಂದರೆ ಆ ರಾತ್ರಿಗೂ ಮುಂಚೆ ಎಷ್ಟೋ ರಾತ್ರಿಗಳು ಕಳೆದಿದ್ದವು. ಬರೆದಿಡುವವರು ಇರಲಿಲ್ಲ, ಅಷ್ಟೇ.

ಪ್ರಿಟೋರಿಯಾದಲ್ಲಿ ಕಂಪೆನಿಯ ಅಟಾರ್ನಿ ಎ. ಡಬ್ಲ್ಯು. ಬೇಕರ್ ನೇರವಾಗಿಯೇ ಹೇಳಿದರು: ಬ್ಯಾರಿಸ್ಟರ್ ಕೆಲಸ ಇಲ್ಲಿ ನಿಮಗಿಲ್ಲ, ಬೇಕಾದ ಮಾಹಿತಿ ತರಿಸಿಕೊಳ್ಳಲು ನಿಮ್ಮ ನೆರವು ಪಡೆಯುತ್ತೇನೆ. ಗಾಂಧಿ ವಾರಕ್ಕೆ 35 ಶಿಲ್ಲಿಂಗಿನ ವಸತಿಯಲ್ಲಿ ಉಳಿದು ಲೆಕ್ಕಪುಸ್ತಕಗಳ ಮುಂದೆ ಕುಳಿತರು. ಲಂಡನ್ನಿನ ಬ್ಯಾರಿಸ್ಟರಿಗೆ ಜಮೆ ಯಾವುದು ಖರ್ಚು ಯಾವುದು ಗೊತ್ತಿರಲಿಲ್ಲ. ಡರ್ಬನ್‌ನಲ್ಲಿ ಗುಮಾಸ್ತನೊಬ್ಬ ಮಾತಾಡಿದ 'ಪಿ. ನೋಟ್' ಎಂದರೆ ಪ್ರಾಮಿಸರಿ ನೋಟು ಎಂಬುದೂ ತಿಳಿದಿರಲಿಲ್ಲ. ಲೆಕ್ಕ ಬರೆಯುವ ವಿದ್ಯೆಯ ಪುಸ್ತಕ ಕೊಂಡು ಓದಿದರು. ಗುಜರಾತಿ ಪತ್ರಗಳನ್ನು ಅನುವಾದಿಸಿದರು. ಕಕ್ಷಿಗಾರ ಹೇಳಿದ್ದನ್ನು ಕಾಗದಕ್ಕೆ ತಾಳೆಹಾಕಿ, ಕಾಗದವನ್ನು ಲೆಕ್ಕಕ್ಕೆ ತಾಳೆಹಾಕಿ, ಇಡೀ ಮೊಕದ್ದಮೆಯ ಸಂಗತಿಗಳನ್ನು ಬಾಯಿಪಾಠ ಮಾಡಿಕೊಂಡರು. ಕಾನೂನಿನ ಮುಕ್ಕಾಲು ಪಾಲು ಸಂಗತಿಗಳಲ್ಲೇ ಇದೆಯೆಂಬುದನ್ನು ಅವರು ಕಲಿತದ್ದು ಇಲ್ಲಿ, ಮುನೀಮರ ಕೈಬರಹದ ನಡುವೆ.

ಹಾಗೆ ಕಲಿಯುತ್ತ ಅವರಿಗೆ ಇನ್ನೊಂದು ಸಂಗತಿ ಕಾಣಿಸಿತು. ಅಬ್ದುಲ್ಲಾ ಸೇಠರ ಪಕ್ಷ ಗಟ್ಟಿಯಿತ್ತು, ಗೆಲುವು ಬಹುಮಟ್ಟಿಗೆ ಖಚಿತ. ಆದರೆ ಗೆದ್ದವನಿಗೂ ವಕೀಲರ ಖರ್ಚು ಪೂರ್ತಿ ಮರಳಿ ಬರುವುದಿಲ್ಲ. ಎದುರಾಳಿಯಿಂದ ವಸೂಲು ಮಾಡಲು ಕೋರ್ಟು ಒಪ್ಪುವ ಖರ್ಚಿಗೊಂದು ಮಿತಿಯಿದೆ. ಕಕ್ಷಿಗಾರ ತನ್ನ ಅಟಾರ್ನಿಗೆ ತೆರುವುದು ಅದಕ್ಕಿಂತ ಎಷ್ಟೋ ಹೆಚ್ಚು. ಆ ಅಂತರ ಗೆದ್ದವನ ಕಿಸೆಯಿಂದಲೇ ಹೋಗಬೇಕು. ಎರಡೂ ಕಡೆ ಫೀಜು ದಿನದಿನಕ್ಕೆ ಏರುತ್ತಿತ್ತು. ಇಬ್ಬರೂ ಸೇಠರಿಗೆ ಬೇರೆ ಕೆಲಸಕ್ಕೆ ಪುರಸೊತ್ತಿಲ್ಲ. ಒಂದೇ ಊರಿನ, ಒಂದೇ ನೆಂಟಸ್ತಿಕೆಯ ಎರಡು ಮನೆಗಳು ಬಿಳಿಯ ವಕೀಲರ ಕೈಯಲ್ಲಿ ಕರಗಿಹೋಗುವ ಹಂತ ಮುಟ್ಟಿದ್ದವು. ನಮ್ಮ ಊರುಗಳಲ್ಲಿ ಒಂದು ತೆಂಗಿನ ತೋಟದ ಗಡಿಗಾಗಿ ಮೂರು ತಲೆಮಾರು ಕೋರ್ಟಿಗೆ ಅಲೆದವರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗಾಂಧಿ ತೈಯಬ್ ಸೇಠರ ಬಳಿಗೆ ಹೋದರು, ಮತ್ತೆ ಮತ್ತೆ ಹೋದರು. ಕೊನೆಗೆ ಇಬ್ಬರೂ ಮಧ್ಯಸ್ಥಿಕೆಗೆ ಒಪ್ಪಿದರು. ಮಧ್ಯಸ್ಥನ ಮುಂದೆ ವಾದ ನಡೆದು ಅಬ್ದುಲ್ಲಾ ಸೇಠರು ಗೆದ್ದರು. ತೈಯಬ್ ಸೇಠರು 37,000 ಪೌಂಡು ಮತ್ತು ಖರ್ಚು ಕೊಡಬೇಕೆಂದಾಯಿತು. ಅಷ್ಟನ್ನೂ ಒಮ್ಮೆಲೇ ಕೊಡುವುದು ಅವರಿಂದಾಗದ ಮಾತು. ಹಿಡಿದು ವಸೂಲಿಗೆ ಕುಳಿತರೆ ದಿವಾಳಿಯೇ ಗತಿ. ದಕ್ಷಿಣ ಆಫ್ರಿಕಾದ ಪೋರಬಂದರ್ ಮೆಮನ್‌ಗಳಲ್ಲಿ ದಿವಾಳಿಗಿಂತ ಸಾವು ಮೇಲು ಎಂಬ ಬರೆಯದ ಕಟ್ಟಳೆಯಿತ್ತು. ಒಂದು ಪೈಯನ್ನೂ ಕಡಿಮೆ ಕೊಡಲು ತೈಯಬ್ ಸೇಠರು ಬಯಸಲಿಲ್ಲ, ಕಾಲಾವಕಾಶ ಮಾತ್ರ ಬೇಕಿತ್ತು. ಈಗ ಗಾಂಧಿ ತಮ್ಮ ಯಜಮಾನರನ್ನೇ ಒಪ್ಪಿಸಬೇಕಾಯಿತು. ಎದುರಾಳಿಯನ್ನು ಮಧ್ಯಸ್ಥಿಕೆಗೆ ಒಪ್ಪಿಸಿದ್ದಕ್ಕಿಂತ ಗೆದ್ದ ಯಜಮಾನರನ್ನು ಕಂತಿಗೆ ಒಪ್ಪಿಸಿದ್ದೇ ಹೆಚ್ಚು ಕಷ್ಟವಾಯಿತಂತೆ. ಅಬ್ದುಲ್ಲಾ ಸೇಠರು ದೀರ್ಘ ಕಾಲದ ಕಂತುಗಳಿಗೆ ಒಪ್ಪಿಗೆ ಕೊಟ್ಟರು. ಇದನ್ನು ಗಾಂಧಿಯ ದೊಡ್ಡತನವೆಂದು ಬರೆಯುವವರು ಬಹಳ. ಕೈಗೆ ಬಂದ 37,000 ಪೌಂಡನ್ನು ವರ್ಷಗಟ್ಟಲೆ ಕಾಯಲು ಒಪ್ಪಿದ ಅಕ್ಷರವರಿಯದ ಸೇಠರ ದೊಡ್ಡತನದ ಬಗ್ಗೆ ಬರೆದವರು ಕಡಿಮೆ.

ಕರಾರಿನ ಕೆಲಸ ಮುಗಿಯಿತು. 1894ರಲ್ಲಿ ಡರ್ಬನ್‌ಗೆ ಮರಳಿದ ಗಾಂಧಿಗೆ ಸೇಠರು ಬೀಳ್ಕೊಡುಗೆಯ ಔತಣ ಏರ್ಪಡಿಸಿದರು. ಅಲ್ಲಿ ಪತ್ರಿಕೆ ತಿರುವುತ್ತಿದ್ದಾಗ ಭಾರತೀಯರ ಮತದಾನದ ಹಕ್ಕನ್ನು ಕಿತ್ತುಕೊಳ್ಳುವ ಮಸೂದೆಯ ಸುದ್ದಿ ಕಣ್ಣಿಗೆ ಬಿತ್ತು. ಕೇಳಿದರೆ ಸೇಠರಿಗೆ ಗೊತ್ತಿಲ್ಲ. ವ್ಯಾಪಾರಕ್ಕೆ ತಟ್ಟುವುದಷ್ಟೇ ನಮಗೆ ತಿಳಿಯುತ್ತದೆ, ನಮ್ಮ ಕಣ್ಣು ಕಿವಿಗಳೆಲ್ಲ ಇಲ್ಲಿಯ ಯೂರೋಪಿಯನ್ ಅಟಾರ್ನಿಗಳೇ ಎಂಬರ್ಥದ ಮಾತು ಹೇಳಿದರು. ಬಾಡಿಗೆಯ ಕಣ್ಣು ಯಾವುದನ್ನು ತೋರಿಸುತ್ತದೆ, ಯಾವುದನ್ನು ತೋರಿಸುವುದಿಲ್ಲ? ಅದಕ್ಕೆ ಹ್ಯಾರಿ ಎಸ್ಕಂಬ್‌ರ ಕತೆಯೇ ಸಾಕು. ಅವರು ಸೇಠರ ಹಳೆಯ, ಸಮರ್ಥ ವಕೀಲರು. ಚುನಾವಣೆಗೆ ನಿಂತಾಗ ಎದುರಾಳಿ ಗೆದ್ದಾನೆಂಬ ಅಂಜಿಕೆಯಿಂದ, ನಿಮಗೂ ಮತವಿದೆ ಎಂದು ವ್ಯಾಪಾರಿಗಳಿಗೆ ತಿಳಿಸಿಕೊಟ್ಟರು. ಎಲ್ಲರೂ ಹೆಸರು ದಾಖಲಿಸಿ ಅವರಿಗೇ ಮತ ಹಾಕಿದರು. 1893ರಲ್ಲಿ ನಟಾಲ್‌ಗೆ ಸ್ವಯಮಾಡಳಿತ ಬಂದಾಗ ಅದೇ ಎಸ್ಕಂಬ್ ಅಟಾರ್ನಿ ಜನರಲ್ ಆದರು, ಮುಂದೆ 1897ರಲ್ಲಿ ಪ್ರಧಾನಿ. ಭಾರತೀಯರ ಮತ ಕಿತ್ತುಕೊಳ್ಳುವ ಮಸೂದೆ ತಂದದ್ದು ಅವರಿದ್ದ ಸರಕಾರವೇ. ಫೀಜು ಕೊಟ್ಟವರಿಗೆ ಹಕ್ಕು ಇದೆಯೆಂದು ಹೇಳಿದ್ದೂ ಅವರೇ.

ನೆರೆದವರು ಗಾಂಧಿಯನ್ನು ಒಂದು ತಿಂಗಳು ನಿಲ್ಲಿ ಎಂದರು. ಔತಣಕೂಟ ಅಲ್ಲಿಯೇ ಸಮಿತಿಯಾಯಿತು. ದಾವೂದ್ ಮುಹಮ್ಮದ್, ಮುಹಮ್ಮದ್ ಕಾಸಂ ಕಮರುದ್ದೀನ್, ಆದಂಜಿ ಮಿಯಾಖಾನ್, ಪಾರ್ಸಿ ರುಸ್ತುಂಜಿ, ಕೊಲಂದವೇಲು ಪಿಳ್ಳೈ ಎಲ್ಲರೂ ಕೆಲಸಕ್ಕೆ ನಿಂತರು. ಲಾರ್ಡ್ ರಿಪ್ಪನ್‌ಗೆ ಕಳಿಸುವ ಮನವಿಗೆ ಸ್ವಂತ ಗಾಡಿ, ಸ್ವಂತ ಖರ್ಚಿನಲ್ಲಿ ಸುತ್ತಿ ಒಂದು ಪಕ್ಷದಲ್ಲಿ ಸುಮಾರು 10,000 ಸಹಿ ತಂದರು. ತಿಂಗಳು ಮುಗಿದ ಮೇಲೆ ಹೋಗಬೇಡಿ ಎಂದರು. ಗಾಂಧಿ ಲೆಕ್ಕ ಮುಂದಿಟ್ಟರು: ಬ್ಯಾರಿಸ್ಟರಿಗೆ ತಕ್ಕಂತೆ ಮನೆ ಮಾಡಿಕೊಂಡಿರಲು ವರ್ಷಕ್ಕೆ 300 ಪೌಂಡಾದರೂ ಬೇಕು. ಸಾರ್ವಜನಿಕ ಕೆಲಸಕ್ಕೆ ದುಡ್ಡು ಪಡೆಯುವುದಿಲ್ಲ. ನಿಮ್ಮ ಕಾನೂನಿನ ಕೆಲಸ ಕೊಟ್ಟರೆ ಇರುತ್ತೇನೆ. ಸುಮಾರು 20 ವ್ಯಾಪಾರಿಗಳು ಒಂದು ವರ್ಷದ ವಕಾಲತ್ತಿನ ಹಣವನ್ನು ಮುಂಗಡವಾಗಿ ಕೊಡಲು ಒಪ್ಪಿದರು. ಬೀಳ್ಕೊಡುಗೆಗೆಂದು ತೆಗೆದಿಟ್ಟ ಹಣದಲ್ಲಿ ಅಬ್ದುಲ್ಲಾ ಸೇಠರು ಮನೆಗೆ ಬೇಕಾದ ಮೇಜು ಕುರ್ಚಿ ತರಿಸಿಕೊಟ್ಟರು.

ಒಬ್ಬ ವ್ಯಾಪಾರಿಗೆ ಹೊರಲಾಗದ್ದನ್ನು ಇಪ್ಪತ್ತು ಮಂದಿ ಹಂಚಿಕೊಂಡು ಹೊತ್ತ ಈ ಏರ್ಪಾಟನ್ನು ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ. ನಟಾಲ್ ಲಾ ಸೊಸೈಟಿ ವಿರೋಧಿಸಿದರೂ 1894ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಗಾಂಧಿಯನ್ನು ವಕೀಲರ ಪಟ್ಟಿಗೆ ಸೇರಿಸಿತು. ಅವರ ಅರ್ಜಿಯನ್ನು ಮಂಡಿಸಲು ಒಪ್ಪಿದವರು ಇದೇ ಎಸ್ಕಂಬ್! ಅದೇ ವರ್ಷ ನಟಾಲ್ ಇಂಡಿಯನ್ ಕಾಂಗ್ರೆಸ್ ಹುಟ್ಟಿತು. ವ್ಯಾಪಾರಿಗಳ ಫೀಜಿನಿಂದ ಹೊಟ್ಟೆಗೆ ದಾರಿಯಾದ್ದರಿಂದಲೇ, ಯಜಮಾನನಿಂದ ಹೊಡೆತ ತಿಂದು ಬಂದ ಬಾಲಸುಂದರಂನಂಥ ತಮಿಳು ಕೂಲಿಯ ಪರವಾಗಿ ಗಾಂಧಿ ನಿಲ್ಲಲು ಸಾಧ್ಯವಾಯಿತು. ತಮ್ಮನ್ನು ಅರಬರೆಂದು ಕರೆದುಕೊಂಡು ಕೂಲಿಗಳಿಂದ ದೂರ ನಿಂತಿದ್ದವರ ದುಡ್ಡು ಹೀಗೆ ಸುತ್ತಿಬಳಸಿ ಕೂಲಿಯ ಬಾಗಿಲಿಗೂ ಹೋಯಿತು.

ಮುಂದೆ ವ್ಯಾಪಾರಿಗಳಿಗೆ ವಕೀಲನಿಲ್ಲದೆ ಒಂದು ದಿನವೂ ಸಾಗದಂಥ ಕಾಲ ಬಂತು. 1897ರ ಲೈಸೆನ್ಸ್ ಕಾನೂನು ಅಂಗಡಿಯ ಪರವಾನಗಿ ಕೊಡುವ ಬಿಡುವ ಅಧಿಕಾರವನ್ನು ಒಬ್ಬ ಅಧಿಕಾರಿಯ ಕೈಗೆ ಕೊಟ್ಟಿತು. ಮೇಲ್ಮನವಿ ಪುರಸಭೆಗೆ, ಆ ಪುರಸಭೆಯಲ್ಲಿ ಕೂತವರು ಪೈಪೋಟಿಯ ಬಿಳಿ ವ್ಯಾಪಾರಿಗಳು. ಲೆಕ್ಕಪುಸ್ತಕ ಇಂಗ್ಲಿಷಿನಲ್ಲೇ ಇರಬೇಕೆಂಬ ಷರತ್ತು ಬೇರೆ. ಪ್ರಿಟೋರಿಯಾದಲ್ಲಿ ಗಾಂಧಿ ಕಲಿತ ಜಮಾಖರ್ಚಿನ ವಿದ್ಯೆ ಈಗ ನೂರಾರು ಅಂಗಡಿಗಳ ಉಳಿವಿನ ಪ್ರಶ್ನೆಯಾಯಿತು.

ಅದೇ ವರ್ಷದ ಜನವರಿಯಲ್ಲಿ, ಸೇಠರ 'ಕೂರ್‌ಲ್ಯಾಂಡ್' ಹಡಗಿನಲ್ಲಿ ಕುಟುಂಬದೊಂದಿಗೆ ಮರಳಿದ್ದ ಗಾಂಧಿಯನ್ನು ಇಳಿಯದಂತೆ ಬಿಳಿಯರ ಗುಂಪು ತಡೆದಿತ್ತು. 'ಕೂರ್‌ಲ್ಯಾಂಡ್', 'ನಾದೇರಿ' ಎರಡೂ ಹಡಗುಗಳ ಸುಮಾರು 800 ಪ್ರಯಾಣಿಕರನ್ನು 23 ದಿನ ಕಡಲಲ್ಲೇ ನಿಲ್ಲಿಸಿದ್ದರು. ಕಂಪೆನಿಯ ಮೇಲೆ ಬಂದ ಒತ್ತಡ ಸಣ್ಣದಲ್ಲ: ಪ್ರಯಾಣಿಕರನ್ನು ಹಿಂದಕ್ಕೆ ಕಳಿಸಿ, ನಷ್ಟ ನಾವು ತುಂಬಿಕೊಡುತ್ತೇವೆ ಎಂಬ ಆಸೆಯನ್ನೂ ತೋರಿಸಿದರು, ಬೆದರಿಕೆಯನ್ನೂ ಹಾಕಿದರು. ಸೇಠರ ಸಂಸ್ಥೆ ಜಗ್ಗಲಿಲ್ಲ. ಕತ್ತಲಾದ ಮೇಲೆ ಗಾಂಧಿಯನ್ನು ಇಳಿಸಿ ಎಂದು ಎಸ್ಕಂಬ್‌ರಿಂದ ಸಂದೇಶ ಬಂದಾಗ, ಕಂಪೆನಿಯ ಕಾನೂನು ಸಲಹೆಗಾರ ಲಾಟನ್ ಹಡಗು ಹತ್ತಿ, ಅದನ್ನು ಪಾಲಿಸಬೇಕಾದ ಕಟ್ಟುಪಾಡು ನಿಮಗಿಲ್ಲ ಎಂದು ಕ್ಯಾಪ್ಟನ್‌ಗೆ ಹೇಳಿ, ಹಗಲಲ್ಲೇ ಗಾಂಧಿಯ ಜೊತೆ ನಡೆದರು. ದಾರಿಯಲ್ಲಿ ಗುಂಪು ಅವರನ್ನು ಬೇರ್ಪಡಿಸಿ ಗಾಂಧಿಯನ್ನು ಹೊಡೆಯಿತು. ಪೊಲೀಸ್ ಸೂಪರಿಂಟೆಂಡೆಂಟರ ಹೆಂಡತಿ ಶ್ರೀಮತಿ ಅಲೆಕ್ಸಾಂಡರ್ ಕೊಡೆ ಅಡ್ಡ ಹಿಡಿದು ಕಾಪಾಡಿದರು. ಒಂದೇ ಅಂಗಡಿಯಿಂದ ಫೀಜು ಪಡೆದ ಇಬ್ಬರು ಬಿಳಿಯ ವಕೀಲರು ಆ ದಿನ ಎರಡು ಕಡೆ ನಿಂತಿದ್ದರು.

ಗಾಂಧಿ ಅಂದು ತಲುಪಿದ್ದು ಪಾರ್ಸಿ ರುಸ್ತುಂಜಿಯ ಮನೆಗೆ. ರುಸ್ತುಂಜಿ ಕಕ್ಷಿಗಾರ, ಗೆಳೆಯ, ವ್ಯವಹಾರದ ಎಲ್ಲವನ್ನೂ ಗಾಂಧಿಗೆ ಹೇಳುವವರು, ಒಂದನ್ನು ಬಿಟ್ಟು. ಬೊಂಬಾಯಿ, ಕಲ್ಕತ್ತೆಯಿಂದ ತರಿಸುವ ಸರಕಿಗೆ ಅವರು ಸುಂಕ ತಪ್ಪಿಸುತ್ತಿದ್ದರು. ಸಿಕ್ಕಿಬಿದ್ದ ದಿನ ಕಣ್ಣೀರಿಡುತ್ತ ಓಡಿಬಂದರು. ಗಾಂಧಿ ಕೋರ್ಟಿನಲ್ಲಿ ಗೆಲ್ಲಿಸುವ ಮಾತಾಡಲಿಲ್ಲ. ಸುಂಕದ ಅಧಿಕಾರಿಯ ಬಳಿಗೂ ಅಟಾರ್ನಿ ಜನರಲ್ ಬಳಿಗೂ ಹೋಗಿ, ಹಿಂದಿನದನ್ನೂ ಸೇರಿಸಿ ಎಲ್ಲವನ್ನೂ ಒಪ್ಪಿಕೊಂಡರೆ ಮೊಕದ್ದಮೆ ಹೂಡಬಾರದೆಂದು ಮಾತಾಡಿದರು. ತಪ್ಪಿಸಿದ್ದೆಂದು ಒಪ್ಪಿಕೊಂಡ ಮೊತ್ತದ ಎರಡರಷ್ಟನ್ನು ಕಟ್ಟಿ ವ್ಯವಹಾರ ಮುಗಿಯಿತು. ರುಸ್ತುಂಜಿ ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿ, ಚೌಕಟ್ಟು ಹಾಕಿಸಿ, ತನ್ನ ಮಕ್ಕಳೂ ಬಂದುಹೋಗುವ ವ್ಯಾಪಾರಿಗಳೂ ನೋಡಲೆಂದು ಆಫೀಸಿನ ಗೋಡೆಗೆ ತೂಗುಹಾಕಿಸಿದರು.